ಅರ್ಧ ಸ್ವರ ಕೆಳಗೆ

ಹೊಲಿಗೆ ಮಿಷನ್ನುಗಳು ನಿಂತ ಮೇಲೆಯೇ ನಮಗೆ ಜಾಗ.
ಕೌಲ್‌ಬಜಾರಿನಲ್ಲಿ ಹುಸೇನಬಾಷಾನ ಮಹಡಿ,
ಮೂಲೆಗೆ ಆಳೆತ್ತರ ಜೀನ್ಸು, ಇನ್ನೂ ಜಿಪ್ಪು ಕೂರದವು,
ಗಂಟಲಿಗೆ ನೀಲಿ ನೂಲಿನ ಧೂಳು.
ಫ್ಯಾನು ಹಾಕುವಂತಿಲ್ಲ,
ಅದಕ್ಕೆ ಅದರದೇ ಶ್ರುತಿ, ಎಲ್ಲರನ್ನೂ ತನ್ನತ್ತ ಎಳೆಯುತ್ತದೆ.
ಏಪ್ರಿಲ್ಲಿನ ರಾತ್ರಿ, ಒಂಬತ್ತೂವರೆಗೂ ಗೋಡೆ ಬಿಸಿ;
ಒರಗಿದರೆ ಬೈಯುತ್ತಾರೆ ಇನ್ನಾಸಪ್ಪ ಮೇಷ್ಟ್ರು,
ಬೆನ್ನು ಸುಟ್ಟೀತೆಂದಲ್ಲ, ಉಸಿರು ಮಡಚೀತೆಂದು.

ಎಂಟು ಜನ, ನಾಲ್ಕು ದನಿ.
ಕೆಳದನಿಗೆ ರೈಲ್ವೆ ಪಾರ್ಸಲ್ಲಿನ ಗಾದಿಲಿಂಗಪ್ಪ,
ಅವನ ಕೆಮ್ಮು ಕೂಡ ಮಂದ್ರದಲ್ಲೇ.
ಪಕ್ಕದಲ್ಲಿ ಲಾರಿ ಟೈರಿನ ಪಂಕ್ಚರ್ ಹಾಕುವ ಎರ್ರಿಸ್ವಾಮಿ.
ಮೇಲ್ದನಿಗೆ ದೊಡ್ಡಾಸ್ಪತ್ರೆಯ ಜಪಮಾಲೆ,
ಡ್ಯೂಟಿಯ ಚಪ್ಪಲಿಯಲ್ಲೇ ಬಂದವಳು.
ನಡುವಿನದು ನನ್ನದು. ನಾನದಕ್ಕೆ ಒಳಹೊಲಿಗೆ ಅಂತೀನಿ:
ಪ್ಯಾಂಟು ತಿರುವಿದರಷ್ಟೇ ಕಾಣುತ್ತದೆ,
ಬಿಚ್ಚಿದರಷ್ಟೇ, ಇತ್ತೆಂದು ಗೊತ್ತಾಗುತ್ತದೆ.

ಹಾಡುವುದು ಒಂದೇ ಮಾತು, ಕರುಣಿಸು, ಅದೂ ಗ್ರೀಕಿನಲ್ಲಿ.
ಒಬ್ಬರು ಶುರುಮಾಡುವಾಗ ಇನ್ನೊಬ್ಬರು ಅರ್ಧ ದಾರಿ,
ಮತ್ತೊಬ್ಬರು ಮುಗಿಸಿ ಬಾಯಿ ಮುಚ್ಚಿ ನಿಂತಿರುತ್ತಾರೆ.
ಮೆಟ್ಟಿಲಲ್ಲಿ ಕೂತು ಕೇಳಿದ ಮಾರೆಕ್ಕ ಅಂದಳು:
'ಏನಮ್ಮಾ ಇದು, ಒಬ್ರು ಮುಗ್ಸಾಕ ಇನ್ನೊಬ್ರು ಬಿಡಂಗಿಲ್ಲ,
ನೀರಿನ ಟ್ಯಾಂಕರ್ ಬಂದಂಗೈತೆ.'
ಮೇಷ್ಟ್ರು ನಕ್ಕರು:
'ಆದ್ರೆ ಯಾರ ಕೊಡಾನೂ ಖಾಲಿ ಹೋಗಲ್ಲ, ನೋಡು.'

ಇದನ್ನು ಬರೆದ ಕಾಲಕ್ಕೆ ಹಂಪಿಯಲ್ಲಿ ಬಜಾರು ತುಂಬಿತ್ತಂತೆ.
ಗೋವೆಯಿಂದ ಕುದುರೆ ಹೊಡೆದುಕೊಂಡು ಬಂದ ಯಾವನೋ ಪರಂಗಿ
ಹೊಳೆಯಲ್ಲಿ ನೀರು ಕುಡಿಸುತ್ತ
ತನ್ನ ಪಾಲಿನ ಒಂದೆಳೆ ಗುನುಗಿರಬಹುದು,
ಉಳಿದ ಮೂರನ್ನು ಸಮುದ್ರದಾಚೆ ಬಿಟ್ಟುಬಂದು.
ನಮ್ಮವರಿಗೆ ಅದು ಹುಚ್ಚನ ಗೊಣಗು.
ಕುದುರೆಗಳು ಕಿವಿ ನಿಮಿರಿಸಿದ್ದವೋ ಏನೋ.

ಶುಕ್ರವಾರ, ಹಳೇ ಚರ್ಚು.
ವಾಚ್‌ಮನ್ನನೂ ಸೇರಿ ಇಪ್ಪತ್ತಮೂರು ಜನ.
ಕಾಲೇಜಿನ ಲ್ಯಾಬಿನಿಂದ ತಂದ ಶ್ರುತಿಕವೆಯನ್ನು
ಮೇಷ್ಟ್ರು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದರು,
ನಮಗೊಂದು ಸ್ವರ ಕೊಟ್ಟರು, ಅಷ್ಟೇ.
ತಂಬೂರಿಯಿಲ್ಲ, ಹಾರ್ಮೋನಿಯಂ ಇಲ್ಲ,
ಪಕ್ಕದವರ ದನಿಯೇ ಕಾಲ ಕೆಳಗಿನ ನೆಲ.
ಹನ್ನೊಂದು ಎಣಿಸಿ ನಾನು ಒಳಗೆ ಬಂದೆ.
ನಡುವೆ ಅದಿರಿನ ಗೂಡ್ಸು ದಾಟಿ ಕಿಟಕಿ ಗಾಜು ನಡುಗಿತು.
ನಾವು ನಿಲ್ಲಲಿಲ್ಲ.
ಕೊನೆಯ ಸ್ವರಕ್ಕೆ ನಾಲ್ಕೂ ದನಿ ಬಂದು ಕೂತವು,
ಸಂಜೆ ಹಕ್ಕಿ ತಂತಿಯ ಮೇಲೆ ಕೂತಹಾಗೆ.
ವಾಚ್‌ಮನ್ ಟೋಪಿ ತೆಗೆದ.

ಆಮೇಲೆ, ಯಾರೂ ಕೇಳದಿದ್ದರೂ,
ಮೇಷ್ಟ್ರು ಕವೆಯನ್ನು ಬೆಂಚಿಗೆ ಊರಿದರು.
ಅದು ನಮಗಿಂತ ಮೇಲಿತ್ತು.

ಅರ್ಧ ಸ್ವರ ಇಳಿದಿದ್ದೆವು.
ಯಾರೂ ತಪ್ಪಿರಲಿಲ್ಲ.
ಒಬ್ಬರಿಗೊಬ್ಬರು ಆತುಕೊಂಡು,
ಪಕ್ಕದವರಿಗೆ ದ್ರೋಹವಾಗದ ಹಾಗೆ,
ಕೂದಲೆಳೆ ಕೂದಲೆಳೆಯಾಗಿ.

ದಾರಿಯಲ್ಲಿ ಎರ್ರಿಸ್ವಾಮಿ ಅಂದ, ಸಂಡೂರಿನ ಕಡೆಯವನು:
'ನಮ್ಮೂರ ಗುಡ್ಡ ಇಳಿದದ್ದೂ ಹಿಂಗೇ ಅಕ್ಕಾ.
ದಿನಾ ನೋಡ್ತಿದ್ವಿ. ಲಾರಿ ಲೆಕ್ಕ ಹಾಕ್ತಿದ್ವಿ.
ಎಲ್ರ ಮನಿಗೂ ಟೈಲ್ಸ್ ಬಿತ್ತು.
ಎಂಟು ವರ್ಷ ಬಿಟ್ಟು ಬಂದ ಬೀಗ ಕೇಳಿದ,
ಇಲ್ಲೊಂದು ಗುಡ್ಡ ಇತ್ತಲ್ಲ?'

ಮಂಗಳವಾರ ಪ್ರತಿ ಪುಟದ ಕೊನೆಗೂ ಕವೆ ತಟ್ಟಿದರು ಮೇಷ್ಟ್ರು.
ಸರಿಯಾಯಿತು. ಕೆಟ್ಟದಾಯಿತು.
ಎಂಟು ಜನ ಎಂಟು ಕಡೆಯಿಂದ ಕವೆಗೆ ಹೆದರುತ್ತ
ಒಬ್ಬರನ್ನೊಬ್ಬರು ಕೇಳುವುದು ಬಿಟ್ಟೆವು.
ಜಪಮಾಲೆ ಅದನ್ನು ಕಿತ್ತುಕೊಂಡು
ಜೀನ್ಸಿನ ರಾಶಿಯೊಳಗೆ ತುರುಕಿದಳು.
ಮೇಷ್ಟ್ರು ಏನೂ ಅನ್ನಲಿಲ್ಲ. ಹುಡುಕಲೂ ಇಲ್ಲ.

ಮತ್ತೆ ಮೊದಲಿನಿಂದ.
ಗಾದಿಲಿಂಗಪ್ಪ ಉಸಿರು ತುಂಬಿಕೊಂಡದ್ದು ಕೇಳಿಸಿತು.
ರಾಶಿಯೊಳಗೆ ಕವೆ ಎಲ್ಲೋ ಇದೆ.
ನಾನು ಎಣಿಸುತ್ತಿದ್ದೇನೆ:
ಏಳು, ಎಂಟು, ಒಂಬತ್ತು