ಶೇಷ ಸೊನ್ನೆ

ಪೋಲೆಂಡಿನ ವೂಚ್. ಪಾಲಿಟೆಕ್ನಿಕ್ಕಿನ ನೆಲಮಾಳಿಗೆ.
ರಾತ್ರಿ ಕಾವಲು ನನ್ನದು.
ಒಂದು ಯಂತ್ರ ಹತ್ತೊಂಬತ್ತು ದಿನದಿಂದ ಗೊರಗುಡುತ್ತಿದೆ.
ಆರಿಸಬೇಡಿ ಎಂದು ಚೀಟಿ ಅಂಟಿಸಿದ್ದಾನೆ
ಲುಬೊಮಿರ್, ಮೀಸೆ ಬಾರದ ಮೇಷ್ಟ್ರು.

ಏನು ನೇಯುತ್ತಿದೆ ಇದು, ಅಂದೆ.
ಬರೀ ಒಂದುಗಳ ಸಂಖ್ಯೆ, ಪಾನಿ ಹೆನ್ರಿಕಾ,
ಎರಡರ ಲಿಪಿಯಲ್ಲಿ ಬರೆದರೆ ಒಂದು, ಒಂದು, ಒಂದು,
ಕೋಟಿಗಟ್ಟಲೆ ಒಂದು; ನಡುವೆ ಸೊನ್ನೆಯೇ ಇಲ್ಲ.
ಒಡೆಯುತ್ತದೋ ಇಲ್ಲವೋ ನೋಡಬೇಕು.

ನಕ್ಕೆ. ಮೂವತ್ತು ವರ್ಷ ಗಿರಣಿಯ ಮಗ್ಗದ ಮುಂದೆ ನಿಂತವಳು.
ಎಲ್ಲ ತೂತೂ ಕೊರೆದ ರಟ್ಟು ಹಾಕಿದರೆ
ಎಲ್ಲ ಎಳೆಯೂ ಒಟ್ಟಿಗೇ ಏಳುತ್ತದೆ,
ಹೂವಿಲ್ಲ, ಬಳ್ಳಿಯಿಲ್ಲ.
ಅಂಥ ರಟ್ಟನ್ನು ಮೇಸ್ತ್ರಿ ಒಲೆಗೆ ಹಾಕುತ್ತಿದ್ದ.

ಆರು ಒಂದಾದರೆ ಎರಡೆರಡಾಗಿ ಹರಿಯುತ್ತದೆ, ಸರಿ.
ಹನ್ನೊಂದು ಹರಿಯಬಾರದು. ಆದರೂ
ಇಪ್ಪತ್ತಮೂರು, ಎಂಬತ್ತೊಂಬತ್ತು ಎಂಬ ಇಬ್ಬರು ಕಳ್ಳರು
ಒಳಗೇ ಕೂತಿರುತ್ತಾರಂತೆ.

ಸಣ್ಣದೊಂದು ಕೊಟ್ಟ. ಐದು ಒಂದು: ಮೂವತ್ತೊಂದು.
ನಾಲ್ಕರಿಂದ ಹೊರಡಿ, ಅದರಿಂದಲೇ ಅದನ್ನು ಗುಣಿಸಿ, ಎರಡು ಕಳೆಯಿರಿ,
ಮೂವತ್ತೊಂದರಲ್ಲಿ ಭಾಗಿಸಿ ಉಳಿದದ್ದನ್ನಷ್ಟೇ ಹಿಡಿಯಿರಿ, ಮತ್ತೆ ಅದೇ.
ಬ್ರೆಡ್ಡಿನಂಗಡಿ ಚೀಟಿಯ ಬೆನ್ನಿಗೆ ಬರೆದೆ:
ನಾಲ್ಕು, ಹದಿನಾಲ್ಕು, ಎಂಟು,
ಸೊನ್ನೆ.
ಏನೂ ಉಳಿಯದಿದ್ದರೆ ಅವಿಭಾಜ್ಯ, ಅಂದ.

ಗಿರಣಿ ಮುಚ್ಚಿದ ದಿನ ನನ್ನ ಲೆಕ್ಕದ ಕೊನೆಯಲ್ಲೂ
ಅದೇ ಅಂಕಿ ಇತ್ತು. ಯಾರೂ ಹೀಗೆ ಹೇಳಲಿಲ್ಲ.

ಇಪ್ಪತ್ತನೆಯ ನಸುಕು. ಯಂತ್ರ ಸುಮ್ಮನಾಯಿತು.
ಪರದೆಯ ಮೇಲೆ ಉದ್ದನೆಯ ಶೇಷ; ಸೊನ್ನೆಯಲ್ಲ.
ಒಡೆಯುತ್ತದೆ ಎಂದಷ್ಟೇ ಹೇಳುತ್ತದೆ,
ಎಲ್ಲಿ ಎಂದು ಹೇಳುವುದಿಲ್ಲ.

ಹುಡುಗ ಬರುವುದು ಎಂಟಕ್ಕೆ.
ಚಹಾಕ್ಕೆ ನೀರಿಟ್ಟೆ.
ಆರಿಸಬೇಡಿ ಚೀಟಿಯ ಒಂದು ಮೂಲೆ ಎದ್ದಿತ್ತು,
ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ.