ಕೊನೆಯ ಸೀಟಿನ ತನಕ

ಕಲಮಜೂ. ಊರ ಹೆಸರು ಕೇಳಿ
ದಾವಣಗೆರೆಯ ಚಿಕ್ಕಮ್ಮ ಫೋನಿನಲ್ಲೇ ನಕ್ಕಿದ್ದಳು,
ಅದೇನು ಊರೋ, ಮಗುವಿನ ಗಿಲಕಿಯೋ ಎಂದು.
ಗಿಲಕಿಯೇ. ಮಿಷಿಗನ್ನಿನ ಕತ್ತಲಲ್ಲಿ, ಬೆಳಗಿನ ಆರೂವರೆಗೆ,
ಅರವತ್ತು ಸೀಟಿನ ಹಳದಿ ಗಿಲಕಿ.
ಅದನ್ನು ಓಡಿಸುವವಳು ನಾನು, ಶಾಂಭವಿ;
ಮಕ್ಕಳ ಬಾಯಲ್ಲಿ ಸವೆದು ಸವೆದು
ಮಿಸ್ ಶ್ಯಾಮ್.

ಹೊರಡುವ ಮೊದಲು ಟಾರ್ಚು ಹಿಡಿದು
ಒಂದು ಸುತ್ತು. ಪ್ರದಕ್ಷಿಣೆ ಅಂದರೂ ಸರಿ.
ಟೈರು, ಬ್ರೇಕು, ಮಂಜು ಕಚ್ಚಿದ ಕನ್ನಡಿ,
ಪಕ್ಕೆಯಿಂದ ಕೈಚಾಚುವ ಕೆಂಪು ತಟ್ಟೆ.
ಅದೊಂದು ಚಾಚಿತೋ,
ಹದಿನೆಂಟು ಗಾಲಿಯ ಲಾರಿಯೂ ನಿಲ್ಲಬೇಕು,
ಪೊಲೀಸ್ ಕಾರೂ ನಿಲ್ಲಬೇಕು,
ಲೇಸು ಬಿಚ್ಚಿದ ಶೂ ಎಳೆಯುತ್ತ ಒಂದು ಮಗು
ರಸ್ತೆ ದಾಟುವವರೆಗೆ.
ಮಕ್ಕಳಿಗೆ ಇಷ್ಟು ಮರ್ಯಾದೆ
ಬೇರೆಲ್ಲೂ ಕಂಡಿಲ್ಲ ನಾನು.

ಆಮೇಲೆ ಅವರು ಒಳಗೆ ಬಂದು
ಬ್ಯಾಗು ಬಿಸಾಡಿ ಫೋನು ತೆಗೆಯುತ್ತಾರೆ.
ಅಲ್ಲಿ ಯಾವ ತಟ್ಟೆ ಚಾಚಲಿ?

ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ
ಹನ್ನೊಂದರಿಂದ ಹದಿಮೂರರ ಮುಖಗಳು.
ಹಲ್ಲಿಗೆ ತಂತಿ, ಹಣೆಗೆ ಮೊಡವೆ,
ಬೈಗುಳಕ್ಕೆ ಹೊಸ ಬಾಯಿ.
ತಳ್ಳಾಟ, ಟೋಪಿ ಕಸಿಯುವಾಟ ನನಗೆ ಗೊತ್ತು;
ಒಂದು ಗದರಿಕೆ ಸಾಕು.
ನನಗೆ ಭಯ ಸದ್ದಿಗಲ್ಲ.
ಇಡೀ ಬಸ್ಸು ತಲೆ ತಗ್ಗಿಸಿ, ಒಮ್ಮೆಗೇ
ಫಕ್ಕೆಂದು ನಕ್ಕು, ಮತ್ತೆ ಸುಮ್ಮನಾಗಿ,
ಎಲ್ಲ ಕಣ್ಣೂ ಒಂದೇ ಸೀಟಿಗೆ ಹೊರಳುತ್ತವಲ್ಲ,
ಅದಕ್ಕೆ.

ಅಂದು ಆ ಸೀಟು ಒಂಬತ್ತನೆಯದು.
ಮಾರ್ಲೀಸ್. ಏಳನೇ ಕ್ಲಾಸು,
ತನಗಿಂತ ದಪ್ಪದ ಸ್ಯಾಕ್ಸೊಫೋನ್ ಪೆಟ್ಟಿಗೆ,
ಹತ್ತುವಾಗ ದಿನಾ ಹವಾಮಾನ ವರದಿ:
"ಮಿಸ್ ಶ್ಯಾಮ್, ಇವತ್ತು ಮೂಗು ಉದುರುವ ಚಳಿ."
ಮೂರು ದಿನದಿಂದ ವರದಿ ಇಲ್ಲ.
ಕಿಟಕಿಯ ಹಬೆಯ ಮೇಲೆ ಬೆರಳಿಟ್ಟಳು,
ಏನೂ ಬರೆಯಲಿಲ್ಲ.

ಶಾಲೆ ಬಂತು. ಇಳಿದರು.
ಇಂಜಿನ್ ಆರಿಸಿದರೆ ಬಸ್ಸು ಚೀರುತ್ತದೆ.
ಅದನ್ನು ಸುಮ್ಮನಾಗಿಸುವ ಗುಂಡಿ
ಕಟ್ಟಕಡೆಯ ಬಾಗಿಲ ಬಳಿ;
ನಿದ್ದೆಹೋದ ಮಗು ಉಳಿದೀತೆಂದು
ಒಂದೊಂದು ಸೀಟೂ ನೋಡುತ್ತ ನಡೆಯಲೇಬೇಕು.
ಮಕ್ಕಳ ಹೊಟ್ಟೆಸಂಕಟ ಬಲ್ಲ ಯಾರೋ ಇಂಜಿನಿಯರು
ಮಾಡಿಟ್ಟ ಏರ್ಪಾಟು.

ಒಂಬತ್ತರ ಸಂದಿಯಲ್ಲಿ ಫೋನು,
ಬಿರಿದ ಗಾಜಿನೊಳಗೆ ಮಿಣಮಿಣ.
ಇನ್ನೊಬ್ಬರ ಕಾಗದ ಓದಬಾರದೆಂದು ಕಲಿತವಳು.
ಓದಲಿಲ್ಲ. ತಾನೇ ಬಂದು ಬಿತ್ತು ಕಣ್ಣಿಗೆ:
ನಾಳೆ ಬರಬೇಡ.
ನಾಳೆ ಎಲ್ಲೂ ಇರಬೇಡ.
ಕೆಳಗೊಂದು ನಗುವ ಮುಖ,
ಹಳದಿ,
ನನ್ನ ಬಸ್ಸಿನದೇ ಬಣ್ಣ.

ಊರ ಉಸಾಬರಿ ನಮಗ್ಯಾಕೆ, ಅನ್ನುವ ಮನೆಯಲ್ಲಿ ಬೆಳೆದೆ.
ನಮ್ಮ ಶಾಲೆಯ ನೀರಿನ ತೊಟ್ಟಿಯ ಹಿಂದೆ
ನಾಗವೇಣಿಯ ಹೆಸರಿನ ಜೊತೆ ಏನೇನೋ ಬರೆದಿದ್ದರು.
ಸುಣ್ಣದ ಗೋಡೆ, ಇದ್ದಿಲಿನ ಅಕ್ಷರ;
ಒಂದು ಒದ್ದೆ ಬಟ್ಟೆ ಸಾಕಿತ್ತು.
ನಾನು ನೀರು ಕುಡಿದು ಕ್ಲಾಸಿಗೆ ಹೋದೆ.
ದಸರಾ ರಜೆಯ ನಂತರ ಅವಳು ಬರಲಿಲ್ಲ.

ಫೋನು ಹಿಡಿದು ಸಲಹೆಗಾರರ ಕೋಣೆಗೆ ನಡೆದೆ.
ಮಿಸ್ಟರ್ ಹಾಲ್ವರ್ಸನ್, ಕಂಡದ್ದು ಇಷ್ಟು,
ಜೊತೆಗೆ, ಮೂರು ದಿನದಿಂದ ಹವಾಮಾನ ಇಲ್ಲ.
ಅವರು ನಗಲಿಲ್ಲ. ಅದನ್ನೂ ಬರೆದುಕೊಂಡರು.
ಆಗಲೇ ಅವಳ ಕ್ಲಾಸಿನ ಕಡೆಗೆ ಎದ್ದರು.

"ನೀವು ಹೇಳಿಬಿಟ್ಟಿರಿ" ಅಂದಳು ಮಾರ್ಲೀಸ್.
ಹೌದು ಕಂದಾ, ಹೇಳಿಬಿಟ್ಟೆ, ಅಂದೆ, ಕನ್ನಡದಲ್ಲೇ ಬಂತು.
ಹನ್ನೊಂದು ದಿನ ಮಾತಿಲ್ಲ.
ಇಬ್ಬರು ಹುಡುಗರ ಸೀಟು ಬದಲಾಯಿತು,
ಅವಳ ಪಕ್ಕ ಕೂರುತ್ತಿದ್ದ ಗೆಳತಿ
ಬೇರೆ ಬಸ್ಸು ಹಿಡಿದಳು.
ಎಲ್ಲ ಸರಿಹೋಯಿತೇ? ಗೊತ್ತಿಲ್ಲ.
ಬಸ್ಸಿನವಳಿಗೆ ಸಿಗುವುದು
ಪ್ರತಿ ಕಥೆಯ ನಡುವಿನ ನಾಲ್ಕು ಮೈಲಿ.

ಹನ್ನೆರಡನೆಯ ಬೆಳಗು, ಹತ್ತುವಾಗ,
ನನ್ನ ಮುಖ ನೋಡದೆ, ಪೆಟ್ಟಿಗೆಗೆ ಹೇಳುವಂತೆ:
"ಎಡಗಡೆ ದೀಪ ಮಿಟುಕೋದು ಕಾಣ್ತಿಲ್ಲ, ಮಿಸ್ ಶ್ಯಾಮ್."

ಇಳಿದು ನೋಡಿದೆ. ನಿಜ.
ಹಿಮ ಮೆತ್ತಿತ್ತು.
ಕೈಗವಸಿನಿಂದ ಒರೆಸಿದೆ.