ಬಿ ಸೈಡಿನ ಮೂರನೇ ಹಾಡು

ಸಂಪಿಗೆ ರಸ್ತೆಯ ಮಹಡಿಯ ಮೇಲೆ
ಧರಣೇಂದ್ರಯ್ಯನವರ ಕ್ಯಾಸೆಟ್ ಕಂಪನಿ.
ಕಂಪನಿ ಎಂದರೆ ಎರಡು ಡೆಕ್ಕು, ಒಂದು ಫ್ಯಾನು,
ತಿಂಗಳಿಗೆ ನಾನೂರಕ್ಕೆ ನಾನು.

ನನ್ನ ಕೆಲಸ ಹಾಡು ಕೇಳುವುದು, ನಿಲ್ಲಿಸುವುದು,
ಹಿಂದಕ್ಕೆ ಸುತ್ತಿ ಮತ್ತೆ ಕೇಳುವುದು,
ದುಂಡಗೆ ಬರೆದು ಪ್ರೆಸ್ಸಿಗೆ ಕಳಿಸುವುದು.
ಡಬ್ಬಿಯೊಳಗೆ ಮಡಿಸಿದ ಚೀಟಿಯಲ್ಲಿ
ಇರುವೆಯಷ್ಟು ಅಕ್ಷರದ ಸಾಹಿತ್ಯ ಇರುತ್ತಿತ್ತಲ್ಲ,
ಅದು ನನ್ನ ಕೈ. ಹೆಸರು ಎಲ್ಲೂ ಇಲ್ಲ.

ತಿಮ್ಮಶೆಟ್ಟಿ ಮೇಷ್ಟ್ರು ಬರೆದದ್ದು,
ಮಾರ್ಗರೇಟ್ ವನಜಾ ಹಾಡಿದ್ದು.
ಮೇಷ್ಟ್ರ ಹಾಳೆಯ ಮೇಲೆ ಯಾರೋ ಟೀ ಲೋಟ ಇಟ್ಟು
ಎರಡನೇ ಸಾಲು ಆ ಉಂಗುರದೊಳಗೆ ಕರಗಿಹೋಗಿತ್ತು.
ಕಿವಿಯನ್ನೇ ನಂಬಿ ಬರೆದೆ:
'ದಿನಕರನ ದನಿ ಕೇಳಿ ಬಾಗಿಲಿಗೆ ಬಂದೆ.'

ಹಾಸನ ಹೊತ್ತಿಕೊಂಡಿತು.
ಯಾರು ಈ ದಿನಕರ?

ಕಾಲೇಜಿನ ಕನ್ನಡ ಮೇಡಂ, ಸೂರ್ಯ ಕಣ್ರೋ, ಅಂದರು.
ಸೂರ್ಯನಿಗೆ ದನಿ ಎಲ್ಲಿಂದ ಬಂತು ಮೇಡಂ,
ಹಿಂದಿನ ಬೆಂಚು ಕೇಳಿತು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಬ್ಬ ದಿನಕರ ಇದ್ದ.
ದನಿ ಅಂದಮೇಲೆ ಇನ್ಯಾರು?
ಅವನ ಹೆಂಡತಿ ಎಂಟು ದಿನ ಅರಕಲಗೂಡಿನ ತವರಲ್ಲಿದ್ದಳು.
ಪೆನ್ಷನ್ ಮೊಹಲ್ಲಾದ ಬ್ಯಾಂಕ್ ದಿನಕರ ಮಾತ್ರ
ಹೌದೂ ಎನ್ನದೆ, ಅಲ್ಲವೂ ಎನ್ನದೆ,
ಹೊಸ ಕನ್ನಡಕ ಹಾಕಿಸಿಕೊಂಡ.
ವನಜಾ ಹಸಿರು ಸೀರೆ ಉಟ್ಟರೆ ಅದಕ್ಕೊಂದು ಅರ್ಥ,
ಚರಣದ ಕೊನೆಗೆ ಉಸಿರು ಎಳೆದರೆ ಅದಕ್ಕೊಂದು ಊರು.
'ಬೇಲೂರು ಬಸ್ಸಿನ ಕಿಟಕಿ' ಎಂಬಲ್ಲಿ
ಎಷ್ಟು ಗಂಟೆಯ ಬಸ್ಸು, ಎಡಗಡೆಯೋ ಬಲಗಡೆಯೋ,
ಹಾಸ್ಟೆಲ್ ಹುಡುಗಿಯರು ಸ್ಟ್ಯಾಂಡಿಗೇ ಹೋಗಿ
ಬೋರ್ಡು ಬರೆದುಕೊಂಡು ಬಂದಿದ್ದರು.

ಒಂದು ಸಂಜೆ ಮೇಷ್ಟ್ರು ಮಹಡಿ ಹತ್ತಿ ಬಂದರು.
ಡ್ರಾಯಿಂಗ್ ಮೇಷ್ಟ್ರು; ಬೆರಳಲ್ಲಿ ಯಾವಾಗಲೂ ನೀಲಿ.
ಚೀಟಿ ಬಿಚ್ಚಿ ಸಾಲಿನ ಕೆಳಗೆ ಉಗುರು ಎಳೆದರು.
'ನಾನು ಬರೆದದ್ದು ದಿನ ಕರೆವ ದನಿ ಕಣಮ್ಮ.
ನಮ್ಮ ಬೀದಿ ಸೊಪ್ಪಿನವಳ ಕೂಗು.'
ನಾನು ನೆಲ ನೋಡಿದೆ. ಫ್ಯಾನು ಸುತ್ತಿತು.
'ಇರಲಿ ಬಿಡು,' ಅಂದರು ಆಮೇಲೆ,
'ಸೊಪ್ಪಿನವಳನ್ನು ಯಾರೂ ಹುಡುಕಿಕೊಂಡು ಹೋಗುತ್ತಿರಲಿಲ್ಲ.'

ಆ ವರ್ಷ ಗಣಪತಿ ಪೆಂಡಾಲಿನಲ್ಲಿ
ವನಜಾ ಆ ಸಾಲಿಗೆ ಬರುವ ಮೊದಲೇ ಜನ
ದಿನಕರಾ ಎಂದು ಕೂಗಿದರು.
ಅವಳು ಮೈಕು ಸರಿಸಿ ನಕ್ಕು
ನನ್ನ ತಪ್ಪನ್ನೇ ಹಾಡಿದಳು.
ಅಂದಿನಿಂದ ಅದೇ ಸರಿ.

ಈಗ ಹೇಳುತ್ತೇನೆ. ಯಾರೂ ಕೇಳಿಲ್ಲ, ಆದರೂ.
ನಮ್ಮ ಮಹಡಿಯ ಕೆಳಗೆ ಮೋಟಾರ್ ವೈಂಡಿಂಗ್ ಅಂಗಡಿ.
ತಾಮ್ರದ ತಂತಿ ಸುತ್ತುವ ಹುಡುಗ
ಮಧ್ಯಾಹ್ನ ಮೂರಕ್ಕೆ ಮೆಟ್ಟಿಲ ಬುಡದಿಂದ ಕೂಗುತ್ತಿದ್ದ:
'ಮೇಲೆ ಕರೆಂಟು ಬಂತೇನ್ರೀ?'
ಮೂರು ವರ್ಷ, ಅಷ್ಟೇ ಮಾತು.
ನಾನು ಬಾಗಿಲಿಗೆ ಬಂದು ಬಂತು ಅನ್ನುತ್ತಿದ್ದೆ.
ಬಾರದಿದ್ದ ದಿನವೂ ಒಮ್ಮೆ ಬಂತು ಅಂದಿದ್ದೆ.
ಟೇಪನ್ನು ಹದಿನಾಲ್ಕು ಸಲ ಹಿಂದಕ್ಕೆ ಸುತ್ತಿದೆ, ದೇವರಾಣೆ.
ಹದಿನಾಲ್ಕು ಸಲವೂ ನನಗೆ ಕೇಳಿದ್ದು ಅದೇ.

ಅವನ ಅಂಗಡಿ ಈಗ ಸಾಲಗಾಮೆ ರಸ್ತೆಯಲ್ಲಿ.
ಮೊನ್ನೆ ಮಿಕ್ಸಿ ರಿಪೇರಿಗೆ ಒಯ್ದಿದ್ದೆ.
ಮಗಳ ಫೋನಿನಲ್ಲಿ ಅದೇ ಹಾಡು,
ಯಾರೋ ಹೊಸಬರು, ತಬಲ ತೆಗೆದು ಏನೇನೋ ಹಾಕಿ.
'ಯಾರಂತ್ರೀ ಆ ಪುಣ್ಯಾತ್ಮ? ನೀವು ಅಲ್ಲೇ ಇದ್ದವರಲ್ವಾ,
ನಮ್ಮ ಹೆಸರಿನವನೇ,' ಅಂದ, ಸ್ಕ್ರೂ ಹಲ್ಲಲ್ಲಿ ಕಚ್ಚಿಕೊಂಡು.
'ಬ್ಯಾಂಕಿನವರಂತೆ,' ಅಂದೆ.
ಅಲ್ಲ ಆಂಟಿ, ಟೆಲಿಫೋನಿನವರು, ಅಂದಳು ಮಗಳು.
ಅವಳ ಹತ್ತಿರ ಮೂರು ಸಾಕ್ಷಿ ಇತ್ತು.

ನೂರೆಂಬತ್ತಾಯಿತು. ಇನ್ನೂರು ಕೊಟ್ಟೆ.
ಇಪ್ಪತ್ತು ರೂಪಾಯಿ ಚಿಲ್ಲರೆ ಬಂದ ಮೇಲೂ
ಹಾಡು ಮುಗಿಯುವ ತನಕ
ಮಿಕ್ಸಿಯ ವೈರು ಸುತ್ತುತ್ತಾ ನಿಂತಿದ್ದೆ.